ಎರಡನೇ ವರ್ಷಕ್ಕೂ ಉಳಿಯುವ ಜಾಲತಾಣ

ಹಾಸನ ಜಿಲ್ಲೆಯ ಅಧಿಕೃತ ಜಾಲತಾಣವನ್ನು ಒಂದು ಕಿಟಕಿಯಲ್ಲೂ ಮಂಡ್ಯದ್ದನ್ನು ಇನ್ನೊಂದರಲ್ಲೂ ತೆರೆದಿಟ್ಟು ನೋಡಿ. ಎರಡೂ ಒಂದೇ ಅಚ್ಚಿನವು ಎಂದು ಯಾರಿಗಾದರೂ ಗೊತ್ತಾಗುತ್ತದೆ. ತಲೆಯ ಮೇಲೆ ಲಾಂಛನ, ಪಕ್ಕದಲ್ಲಿ ಅಕ್ಷರ ಹಿಗ್ಗಿಸುವ ಕುಗ್ಗಿಸುವ ಗುಂಡಿ, ಕನ್ನಡ–ಇಂಗ್ಲಿಷ್ ಬದಲಿಸುವ ಜಾಗ, ಕೆಳಗೆ ಅಗಲವಾದ ಚಿತ್ರ, ಆಮೇಲೆ ಇಲಾಖೆಗಳು, ಸೇವೆಗಳು, ಪ್ರವಾಸಿ ತಾಣಗಳು, ಸಹಾಯವಾಣಿಗಳು. ಬದಲಾಗುವುದು ಊರಿನ ಹೆಸರು ಮತ್ತು ಚಿತ್ರ ಮಾತ್ರ. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ‘ಎಸ್‌ಥ್ರೀವಾಸ್’ ಎಂಬ ಚೌಕಟ್ಟನ್ನು ಸಿದ್ಧಪಡಿಸಿ, ದೇಶದ ಜಿಲ್ಲೆಗಳೆಲ್ಲ ಅದರೊಳಗೆ ತಮ್ಮ ಮಾಹಿತಿ ತುಂಬಿಸಿಕೊಂಡರೆ ಸಾಕು ಎಂದು ಮಾಡಿರುವುದರ ಫಲ ಇದು. ವಿನ್ಯಾಸ ಕಲಿತವರು ಇದನ್ನು ಕಂಡು ಮೂಗು ಮುರಿಯುತ್ತಾರೆ. ನನಗಂತೂ ಇದು ಸರ್ಕಾರದ ತೀರಾ ಬುದ್ಧಿವಂತ ಸೋಮಾರಿತನಗಳಲ್ಲಿ ಒಂದಾಗಿ ಕಾಣುತ್ತದೆ. ಪ್ರತಿ ಜಿಲ್ಲೆಯೂ ಟೆಂಡರ್ ಕರೆದು, ಒಬ್ಬೊಬ್ಬರಿಂದ ಒಂದೊಂದು ಬಗೆಯ ತಾಣ ಮಾಡಿಸಿ, ಮಾಡಿದವನು ಊರು ಬಿಟ್ಟ ಮೇಲೆ ಹಾಗೇ ಹಳಸಲು ಬಿಟ್ಟಿದ್ದ ಕಾಲವನ್ನು ಕಂಡವರಿಗೆ ಈ ಏಕತಾನತೆಯ ಬೆಲೆ ತಿಳಿದೀತು.

ಅದಕ್ಕೂ ಮೊದಲೇ ಕರ್ನಾಟಕದ ಪೌರಾಡಳಿತ ಇಲಾಖೆ ಇದೇ ಉಪಾಯವನ್ನು ಚಿಕ್ಕದಾಗಿ ಮಾಡಿತ್ತು. ರಾಜ್ಯದ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ತಾಣಗಳೆಲ್ಲ ಮುನಿಸಿಪಲ್ ರಿಫಾರ್ಮ್ಸ್ ಸೆಲ್‌ನ ಒಂದೇ ವಿಳಾಸದಡಿ ಬಂದವು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಎಲ್ಲಕ್ಕೂ ಮುಂದೆ ಊರಿನ ಹೆಸರು, ಹಿಂದೆ ಒಂದೇ ಬಾಲ. ಊರಿನ ಕಚೇರಿಯಲ್ಲಿ ತಂತ್ರಜ್ಞ ಇರಲಿ ಬಿಡಲಿ, ತಾಣವಂತೂ ನಿಂತಿರುತ್ತದೆ. ಒಳಗಿನ ಮಾಹಿತಿ ಎಷ್ಟು ಹೊಸದು ಎನ್ನುವುದು ಬೇರೆ ಮಾತು, ಮತ್ತು ಈ ಲೇಖನದ ಮುಖ್ಯ ಮಾತೂ ಅದೇ.

ಸರ್ಕಾರಿ ಕಚೇರಿಗೆ ಹೀಗೆ ಮೇಲಿನಿಂದ ಚೌಕಟ್ಟು ಇಳಿದು ಬರುತ್ತದೆ. ಬೆಂಗಳೂರು–ಮಂಗಳೂರು (ಬಿ.ಎಂ.) ರಸ್ತೆಯ ತೆಂಗಿನ ಸಸಿ ನರ್ಸರಿಗೆ, ಕಲ್ಯಾಣ ಮಂಟಪಕ್ಕೆ, ಖಾಸಗಿ ಶಾಲೆಗೆ, ಪತ್ತಿನ ಸಹಕಾರ ಸಂಘಕ್ಕೆ, ಶ್ರವಣಬೆಳಗೊಳದ ವಸತಿಗೃಹಕ್ಕೆ ಬರುವುದಿಲ್ಲ. ಅವರು ‘ಒಂದು ವೆಬ್‌ಸೈಟ್ ಮಾಡಿಸೋಣ’ ಎಂದು ಹೊರಟಾಗ ಎದುರಾಗುವ ದಾರಿಗಳು ಒಂದೆರಡಲ್ಲ. ಯಾವ ದಾರಿ ಬೇಗ ಮುಟ್ಟಿಸುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನಾದರೆ ಒಂದು ವರ್ಷ ಕಳೆದ ಮೇಲೆ ಯಾವ ದಾರಿ ಕಡಿಮೆ ಕೆಲಸ ಬೇಡುತ್ತದೆ ಎಂದು ಕೇಳುತ್ತೇನೆ. ತಾಣ ಮೊದಲ ವಾರದಲ್ಲಿ ಸಾಯುವುದಿಲ್ಲ. ಡೊಮೈನ್ ನವೀಕರಣದ ಇಮೇಲ್ ಯಾರೂ ತೆರೆಯದೆ ಉಳಿದಾಗ, ಹಳೆಯ ಬೆಲೆಪಟ್ಟಿ ನೋಡಿ ಗಿರಾಕಿ ಜಗಳಕ್ಕೆ ಬಂದಾಗ, ಎರಡನೇ ವರ್ಷದಲ್ಲಿ ಸಾಯುತ್ತದೆ.

ಕನ್ನಡದ ತಾಣಗಳಿಗೆ ಸಮಯ ತಿನ್ನುವ ಕೆಲಸ ಹೊಸದೇನಲ್ಲ. 1996ರ ಕೊನೆಯಲ್ಲಿ ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಜಾಲಕ್ಕೆ ತಂದಾಗ ಓದುಗರ ಗಣಕದಲ್ಲಿ ಕನ್ನಡದ ಫಾಂಟೇ ಇರುತ್ತಿರಲಿಲ್ಲ. ಅಂದಿನ ತಾಣಗಳು ಒಂದೋ ಅಕ್ಷರಗಳನ್ನು ಚಿತ್ರ ಮಾಡಿ ಹಾಕಬೇಕಿತ್ತು, ಇಲ್ಲವೆ ಓದುಗನಿಗೆ ಫಾಂಟ್ ಇಳಿಸಿಕೊಳ್ಳಿ ಎಂದು ಹೇಳಬೇಕಿತ್ತು, ಇಲ್ಲವೆ ಡೈನಮಿಕ್ ಫಾಂಟ್ ಕಟ್ಟಿ ಕಳಿಸಬೇಕಿತ್ತು. ಒಂದು ಬ್ರೌಸರಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಟೈಪ್ ಮಾಡುವ ಕಷ್ಟ ಕಳೆಯಿತು. ಆದರೆ ಆ ಕಾಲದ ಫಾಂಟುಗಳಲ್ಲಿ ಕನ್ನಡ ಎನ್ನುವುದು ಇಂಗ್ಲಿಷ್ ಅಕ್ಷರಗಳ ಮೇಲೆ ಹೊದಿಸಿದ ಮುಖವಾಡ. ಫಾಂಟ್ ತೆಗೆದರೆ ಕೆಳಗೆ ಕಲಸಿದ ರೋಮನ್ ಅಕ್ಷರ. ಯೂನಿಕೋಡ್ ತನ್ನ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಕೊಟ್ಟಿತ್ತು. ಅದು ಸಾಮಾನ್ಯರ ಗಣಕಕ್ಕೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆ, ‘ತುಂಗಾ’ ಫಾಂಟಿನ ರೂಪದಲ್ಲಿ. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು, 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ದ್ರುಪಲ್’ ಬಳಸಿ ‘ಸಂಪದ’ ತಾಣ ಕಟ್ಟಿದರು. ಅಲ್ಲಿಂದ ಮುಂದೆ ಕನ್ನಡದಲ್ಲಿ ತಾಣ ಮಾಡುವುದು, ಇಂಗ್ಲಿಷಿನಲ್ಲಿ ಮಾಡಿದಷ್ಟೇ ಸಲೀಸಾಗಬೇಕಿತ್ತು.

ಆಗಿಲ್ಲ, ಏಕೆಂದರೆ ಪಠ್ಯ ಹುಟ್ಟುವ ಜಾಗ ಇನ್ನೂ ಬದಲಾಗಿಲ್ಲ. ಶಾಲೆಯ ವಾರ್ಷಿಕ ವರದಿ, ಸಂಘದ ಬೈಲಾ, ದೇವಸ್ಥಾನದ ಇತಿಹಾಸ, ಇವೆಲ್ಲ ಇರುವುದು ಬಸ್ ನಿಲ್ದಾಣದ ಪಕ್ಕದ ಡಿಟಿಪಿ ಅಂಗಡಿಯ ಗಣಕದಲ್ಲಿ, ಹಳೆಯ ನುಡಿಯಲ್ಲೋ ಶ್ರೀಲಿಪಿಯಲ್ಲೋ. ಅದನ್ನು ನೇರವಾಗಿ ಪುಟಕ್ಕೆ ಅಂಟಿಸಿದರೆ ಕಸ ಬರುತ್ತದೆ. ಪರಿವರ್ತಕಗಳಿವೆ, ಉಚಿತವಾಗಿಯೇ ಸಿಗುತ್ತವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಕನ್ನಡದ ನಡುವೆ ಒಂದು ಇಂಗ್ಲಿಷ್ ಹೆಸರೋ ಇಮೇಲ್ ವಿಳಾಸವೋ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳಾಗಿ ತಿರುಗಿಸುತ್ತದೆ. ಉದ್ಧರಣ ಚಿಹ್ನೆಗಳೂ ಕೆಲವೊಮ್ಮೆ ಹೀಗೇ ದಾರಿ ತಪ್ಪುತ್ತವೆ. ಆಮೇಲೆ ಒಬ್ಬರು ಕೂತು ಕರಡು ತಿದ್ದಬೇಕು. ಹತ್ತು ಪುಟದ ತಾಣಕ್ಕೆ ವಿನ್ಯಾಸ ಒಂದು ಮಧ್ಯಾಹ್ನದ ಕೆಲಸವಾದರೆ ಈ ತಿದ್ದುವ ಕೆಲಸ ವಾರ ನುಂಗಬಹುದು. ಸಮಯ ಉಳಿಸುವ ತಂತ್ರಗಳ ಬಗ್ಗೆ ಬರೆಯುವವರು ಬಣ್ಣ, ಚೌಕಟ್ಟು, ಸಾಫ್ಟ್‌ವೇರ್ ಎನ್ನುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ. ಯಾರೇ ತಾಣ ಮಾಡಿಸಲಿ, ಮೊದಲು ಬೇಕಾದ್ದು ಪಠ್ಯ: ಯೂನಿಕೋಡಿನಲ್ಲಿ, ತಿದ್ದಿದ್ದು, ಒಂದೇ ಕಡತದಲ್ಲಿ. ಅದು ಕೈಗೆ ಬಂದ ಮೇಲೆ ಯಾವ ಉಪಕರಣ ಬಳಸಿದರೂ ಕೆಲಸ ಓಡುತ್ತದೆ.

ಈಗ ಉಪಕರಣಗಳು. 1991ರಲ್ಲಿ ಟಿಮ್ ಬರ್ನರ್ಸ್ ಲೀ ಅವರು ಸರ್ನ್ ಪ್ರಯೋಗಾಲಯದಲ್ಲಿ ಇಟ್ಟ ಮೊದಲ ಪುಟ ಬರೀ ಅಕ್ಷರ ಮತ್ತು ಕೊಂಡಿಗಳು. ಆ ಬಗೆಯ ಪುಟ ಇವತ್ತಿನ ಫೋನಿನಲ್ಲೂ ತೊಂದರೆಯಿಲ್ಲದೆ ತೆರೆಯುತ್ತದೆ. ಅದಾದ ಮೇಲೆ ಬಂದ ಫ್ಲ್ಯಾಶ್ 2020ರ ಕೊನೆಗೆ ಪೂರ್ತಿ ಕಣ್ಣು ಮುಚ್ಚಿತು, ಅದರಲ್ಲಿ ಮಾಡಿದ ತಾಣಗಳೂ ಜೊತೆಗೇ ಹೋದವು. ಹೊಸ ಸಲಕರಣೆ ಕಂಡಾಗ ಈ ಎರಡು ಸಂಗತಿಗಳನ್ನು ನೆನೆದುಕೊಳ್ಳುವುದು ಒಳ್ಳೆಯದು.

ವರ್ಡ್‌ಪ್ರೆಸ್ 2003ರಲ್ಲಿ ಬಂತು. ಇಂದು ಜಗತ್ತಿನ ಜಾಲತಾಣಗಳಲ್ಲಿ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಅದರ ಮೇಲೇ ನಡೆಯುತ್ತವೆ. ನಮ್ಮ ಕಡೆ ‘ವೆಬ್‌ಸೈಟ್ ಮಾಡಿಕೊಡ್ತೀವಿ’ ಎಂದು ಬೋರ್ಡು ಹಾಕಿದವರಲ್ಲಿ ಬಹುಪಾಲು ಮಾಡಿಕೊಡುವುದೂ ಅದನ್ನೇ. ವಾರಕ್ಕೊಂದು ಬರಹ ಹಾಕುವ ಪತ್ರಿಕೆಗೆ, ಸಾಹಿತ್ಯದ ತಾಣಕ್ಕೆ, ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಕನ್ನಡದಲ್ಲಿ ಟೈಪ್ ಮಾಡಿ, ಪ್ರಕಟಿಸು ಒತ್ತಿದರೆ ಆಯಿತು. ಆದರೆ ವರ್ಷಕ್ಕೊಮ್ಮೆ ಬಾಡಿಗೆ ದರ ಬದಲಿಸುವ ಕಲ್ಯಾಣ ಮಂಟಪಕ್ಕೆ ಇದು ದಂಡ. ಹಿಂದೆ ಡೇಟಾಬೇಸ್ ಓಡುತ್ತಿರಬೇಕು, ಮೇಲೆ ಹೇರಿದ ಪ್ಲಗಿನ್‌ಗಳನ್ನು ತಿಂಗಳಿಗೊಮ್ಮೆಯಾದರೂ ನವೀಕರಿಸುತ್ತಿರಬೇಕು. ನವೀಕರಿಸದಿದ್ದರೆ ಒಂದು ದಿನ ಬೆಳಿಗ್ಗೆ ಮಂಟಪದ ಹೆಸರಿನ ತಾಣದಲ್ಲಿ ಯಾವುದೋ ದೇಶದ ಜೂಜಿನ ಜಾಹೀರಾತು ಕೂತಿರುತ್ತದೆ. ಯಾರೂ ಬರೆಯದ ಕಡೆ ಬರೆಯುವ ಯಂತ್ರ ಇಟ್ಟು ಅದನ್ನು ಕಾಯುವ ಕೆಲಸ ಮೈಮೇಲೆ ಎಳೆದುಕೊಳ್ಳುವುದೇಕೆ?

ಎಳೆದು ಬಿಟ್ಟರೆ ಪುಟವಾಗುವ ತಯಾರಿ ಸೇವೆಗಳು, ವಿಕ್ಸ್ ಮುಂತಾದವು, ಮೊದಲ ದಿನದ ಮಟ್ಟಿಗೆ ಎಲ್ಲಕ್ಕಿಂತ ವೇಗ. ತಿಂಗಳ ಬಾಡಿಗೆ ನಿಲ್ಲಿಸಿದರೆ ತಾಣವೂ ನಿಲ್ಲುತ್ತದೆ, ಬೇರೆಡೆಗೆ ಒಯ್ಯುವುದೂ ಕಷ್ಟ. ಉಚಿತದ್ದರ ಪಾಡು ಇನ್ನೂ ಸೂಕ್ಷ್ಮ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆಗೆ ಪುಕ್ಕಟೆ ಒಂದು ಪುಟ್ಟ ತಾಣ ಸಿಗುತ್ತಿತ್ತು. ಎಷ್ಟೋ ಸಣ್ಣ ಅಂಗಡಿಗಳಿಗೆ ಅಷ್ಟೇ ಸಾಕಾಗಿತ್ತು. 2024ರ ಮಾರ್ಚಿನಲ್ಲಿ ಗೂಗಲ್ ಅದನ್ನು ಮುಚ್ಚಿತು. ಅದೇ ವಿಳಾಸವನ್ನು ಬೋರ್ಡಿನ ಮೇಲೂ ಬಿಲ್ಲಿನ ಮೇಲೂ ಅಚ್ಚು ಹಾಕಿಸಿದ್ದವರು ಮತ್ತೆ ಅಚ್ಚು ಹಾಕಿಸಬೇಕಾಯಿತು. ಆದ್ದರಿಂದ ಉಚಿತ ಸೇವೆ ಬಳಸುವವರು ಬಳಸಲಿ, ವಿಳಾಸ ಮಾತ್ರ ಸ್ವಂತದ್ದಿರಲಿ. ಒಂದು ‘ಡಾಟ್ ಇನ್’ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಹಿಂದಿನ ಸೇವೆ ಮುಚ್ಚಿದರೂ ಆ ಹೆಸರನ್ನು ಹೊಸ ಜಾಗಕ್ಕೆ ತಿರುಗಿಸಿದರಾಯಿತು.

ಕನ್ನಡದಲ್ಲೇ ವಿಳಾಸ ಬೇಕೆನ್ನುವವರಿಗೆ ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲೇ ಸಿಗುತ್ತದೆ. ಅಭಿಮಾನದ ವಿಷಯ, ಒಪ್ಪಿದೆ. ಆದರೆ ಬಳಕೆಯಲ್ಲಿ ತೊಡಕಿದೆ. ಕೆಲವು ಕಡೆ ನಕಲಿಸಿ ಅಂಟಿಸಿದ ಕೂಡಲೇ ಕನ್ನಡದ ಹೆಸರು ಹೋಗಿ ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಸರಪಳಿ ಕಾಣುತ್ತದೆ. ಪುಟದ ಹೆಸರನ್ನು ಕನ್ನಡದಲ್ಲಿ ಇಟ್ಟರೆ ಇನ್ನೂ ಉದ್ದ. ‘ಚನ್ನರಾಯಪಟ್ಟಣ’ದಲ್ಲಿ 12 ಯೂನಿಕೋಡ್ ಸಂಕೇತಗಳಿವೆ. ವಿಳಾಸದಲ್ಲಿ ಒಂದೊಂದೂ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಂಡು, ಊರಿನ ಹೆಸರೊಂದೇ 108 ಅಕ್ಷರ ತಿನ್ನುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅಂಥ ಲಿಂಕ್ ಕಂಡವನು ವೈರಸ್ ಎಂದುಕೊಂಡು ಮುಟ್ಟುವುದಿಲ್ಲ. ಪುಟದ ಒಳಗೆ ಕನ್ನಡ, ವಿಳಾಸದಲ್ಲಿ ಚಿಕ್ಕ ರೋಮನ್ ಹೆಸರು ಎನ್ನುವುದು ಸದ್ಯಕ್ಕೆ ರಾಜಿ ಸೂತ್ರ.

ಇನ್ನು ಸ್ಥಿರ ಪುಟಗಳ ದಾರಿ. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಎಚ್‌ಟಿಎಂಎಲ್ ಕಡತಗಳು ಅಷ್ಟೇ. ಪುಟಗಳು ಹೆಚ್ಚಾದರೆ 2008ರ ಜೆಕಿಲ್, 2013ರ ಹ್ಯೂಗೊ ತರಹದ ಸಲಕರಣೆಗಳು ಒಂದೇ ಅಚ್ಚಿನಿಂದ ಎಲ್ಲ ಪುಟಗಳನ್ನೂ ಹೊರತರುತ್ತವೆ. ಗಿಟ್‌ಹಬ್ ಪೇಜಸ್‌ನಂಥ ಕಡೆ ಇಡಲು ದುಡ್ಡೂ ಬೇಡ. ಕೆಡುವಂಥದ್ದು ಒಳಗೆ ಏನೂ ಇಲ್ಲದ್ದರಿಂದ ಎರಡನೇ ವರ್ಷ, ಐದನೇ ವರ್ಷ ಹಾಗೇ ನಿಲ್ಲುತ್ತದೆ. ಒಂದೇ ತೊಡಕು, ಬೆಲೆ ಬದಲಿಸಲು ಕಡತ ತೆರೆಯಬಲ್ಲವರು ಬೇಕು. ಇದಕ್ಕೂ ಅಡ್ಡದಾರಿ ಇದೆ: ಬದಲಾಗುವ ಪಟ್ಟಿಯನ್ನು ಮಾತ್ರ ಗೂಗಲ್ ಶೀಟಿನಲ್ಲಿಟ್ಟು ಪುಟದೊಳಗೆ ಕಾಣಿಸುವುದು. ನರ್ಸರಿಯ ಮಾಲೀಕರು ಫೋನಿನಲ್ಲೇ ಸಸಿ ದರ ತಿದ್ದಿದರೆ ತಾಣದಲ್ಲೂ ತಿದ್ದಿದಂತಾಗುತ್ತದೆ. ನೋಡಲು ಅಷ್ಟೇನೂ ಚೆಂದವಿರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಚೆಂದದ ಪ್ರಶ್ನೆ ಬಂದಿದ್ದರಿಂದ ಕೃಷಿ ಮಾರಾಟ ವಾಹಿನಿಯನ್ನು ಹೆಸರಿಸದೆ ಮುಂದೆ ಹೋಗಲಾರೆ. ಎಪಿಎಂಸಿಗಳ ದಿನದಿನದ ಆವಕ ಮತ್ತು ಧಾರಣೆ ಕೊಡುವ ಈ ಸರ್ಕಾರಿ ತಾಣದಲ್ಲಿ ಇರುವುದು ಕೋಷ್ಟಕಗಳು, ಇನ್ನಷ್ಟು ಕೋಷ್ಟಕಗಳು. ಯಾವ ವಿನ್ಯಾಸ ಪ್ರಶಸ್ತಿಯೂ ಅದಕ್ಕೆ ಬರಲಾರದು. ಆದರೆ ತಿಪಟೂರು, ಅರಸೀಕೆರೆಯ ಕೊಬ್ಬರಿ ಧಾರಣೆ ಏನಾಯಿತು ಎಂದು ತಿಳಿಯಬೇಕಾದ ತೆಂಗು ಬೆಳೆಗಾರನಿಗೆ ಬೇಕಾದ್ದು ಕೋಷ್ಟಕವೇ. ಮೇಲ್ಗಡೆ ಓಡುವ ಫೋಟೊಗಳಲ್ಲ. ಆ ಓಡುವ ಫೋಟೊಗಳ ಮೇಲೆ ನಮ್ಮವರಿಗಿರುವ ಪ್ರೀತಿ ದೊಡ್ಡದು. ಮಾಡಿಸುವವರು ಮೊದಲು ಕೇಳುವುದು ಅದನ್ನೇ, ಮಾಡುವವರು ಹೆಚ್ಚು ಹೊತ್ತು ಕಳೆಯುವುದು ಅದರಲ್ಲೇ, ನೋಡುವವರು ಎರಡನೇ ಚಿತ್ರ ಬರುವ ಮೊದಲೇ ಕೆಳಗಿಳಿದು ಫೋನ್ ನಂಬರ್ ಹುಡುಕುತ್ತಿರುತ್ತಾರೆ. ಅದರ ಅಜ್ಜನಾದ ‘ಮಾರ್ಕೀ’, ಅಂದರೆ ಬಲದಿಂದ ಎಡಕ್ಕೆ ಓಡುವ ಸಾಲು, ಎಚ್‌ಟಿಎಂಎಲ್ ನಿಯಮಗಳಿಂದ ಹೊರಬಿದ್ದು ಎಷ್ಟೋ ಕಾಲವಾದರೂ ಕಚೇರಿ ತಾಣಗಳಿಂದ ಪೂರ್ತಿ ಹೊರಬಿದ್ದಿಲ್ಲ.

ಸರಳತೆಗೆ ಕನ್ನಡದಲ್ಲೇ ಮಾದರಿ ಬೇಕೆಂದರೆ ‘ಅಲರ್’ ನೋಡಬೇಕು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ನಮೂದುಗಳು. 2019ರಲ್ಲಿ ಕೈಲಾಶ್ ನಾಧ್ ಅದನ್ನು ಮುಕ್ತ ಪರವಾನಗಿಯಡಿ ಜಾಲಕ್ಕೆ ತಂದರು. ತೆರೆದರೆ ಕಾಣುವುದು ಒಂದು ಹುಡುಕು ಪೆಟ್ಟಿಗೆ. ಪದ ಹಾಕಿದರೆ ಅರ್ಥ ಬರುತ್ತದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ನೋಟಿಫಿಕೇಶನ್ ಕಳಿಸಲೇ ಎಂಬ ಪ್ರಶ್ನೆಯಿಲ್ಲ. ಹಿಂದಿರುವ ತಂತ್ರಾಂಶವನ್ನೂ ಯಾರು ಬೇಕಾದರೂ ತಮ್ಮ ನಿಘಂಟಿಗೆ ಬಳಸಿಕೊಳ್ಳುವಂತೆ ಬಿಟ್ಟಿದ್ದಾರೆ. ದಶಕಗಳ ದುಡಿಮೆ ಪಠ್ಯಕ್ಕೆ ಹೋಗಿದೆ, ಪುಟಕ್ಕೆ ಸ್ವಲ್ಪವೇ ಹೋಗಿದೆ. ಸಮಯದ ಪಾಲು ಹೀಗೇ ಇರಬೇಕು.

ವಿನ್ಯಾಸದ ತಂತ್ರಗಳಲ್ಲೂ ಕೆಲಸ ಕಡಿಮೆಯಾಗಿದೆ, ಕಲಿಸುವವರಿಗೆ ಮಾತ್ರ ಸುದ್ದಿ ತಡವಾಗಿ ಮುಟ್ಟುತ್ತಿದೆ. ಒಂದು ಕಾಲಕ್ಕೆ ಪುಟ ಹೊಂದಿಸಲು ಕೋಷ್ಟಕ, ಆಮೇಲೆ ‘ಫ್ಲೋಟ್’, 2011ರಿಂದ ಟ್ವಿಟರ್‌ನಲ್ಲಿ ಹುಟ್ಟಿದ ಬೂಟ್‌ಸ್ಟ್ರಾಪ್‌ನ 12 ಕಂಬಗಳು. 2010ರಲ್ಲಿ ಈಥನ್ ಮಾರ್ಕಾಟ್ ಅವರು ಒಂದೇ ಪುಟ ಫೋನಿಗೂ ದೊಡ್ಡ ಪರದೆಗೂ ತಾನೇ ಹೊಂದಿಕೊಳ್ಳಬೇಕು ಎಂದಾಗ ಅದಕ್ಕೆ ಸಾಕಷ್ಟು ಸರ್ಕಸ್ ಬೇಕಿತ್ತು. 2017ರಲ್ಲಿ ಸಿಎಸ್‌ಎಸ್ ಗ್ರಿಡ್ ಎಲ್ಲ ಮುಖ್ಯ ಬ್ರೌಸರುಗಳಿಗೂ ಬಂದ ಮೇಲೆ ನಾಲ್ಕಾರು ಸಾಲಿನಲ್ಲಿ ಆ ಕೆಲಸ ಮುಗಿಯುತ್ತದೆ. ಸಣ್ಣ ತಾಣಕ್ಕೆ ಫ್ರೇಮ್‌ವರ್ಕ್ ಹೇರುವುದು ಈಗ ಅಭ್ಯಾಸಬಲವೇ ಹೊರತು ಅಗತ್ಯವಲ್ಲ. ಹಾಸನದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರು ಮೊದಲ ಪ್ರಾಜೆಕ್ಟಿಗೇ ರಿಯಾಕ್ಟ್ ಹಿಡಿಯುವುದು ಕೆಲಸ ಹುಡುಕುವ ದೃಷ್ಟಿಯಿಂದ ಸರಿ. ಅದೇ ಕೈಯಲ್ಲಿ ಊರಿನ ಶಾಲೆಗೂ ರಿಯಾಕ್ಟ್ ತಾಣ ಮಾಡಿಕೊಟ್ಟು ಬೆಂಗಳೂರಿಗೆ ಹೊರಟುಬಿಟ್ಟರೆ, ಶಾಲೆಯವರು ಪ್ರವೇಶದ ದಿನಾಂಕ ಬದಲಿಸಲು ಯಾರನ್ನು ಹಿಡಿಯಬೇಕು?

ಕನ್ನಡದ ಪುಟಕ್ಕೇ ಮೀಸಲಾದ ಕೆಲವು ಸಂಗತಿಗಳಿವೆ. ಇಂಗ್ಲಿಷಿಗಾಗಿ ಮಾಡಿದ ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಕಡಿಮೆ. ‘ಪಟ್ಟಣ’ದ ಟಕಾರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಗುಂಡಿಯೊಳಗೆ ಹಾಕಿದರೆ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಅಕ್ಷರ ಗಾತ್ರದ 1.6ರಿಂದ 1.8 ಪಟ್ಟು ಸಾಲಿನ ಎತ್ತರ ಕೊಟ್ಟರೆ ಉಸಿರಾಟಕ್ಕೆ ಜಾಗ ಸಿಗುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಇಂಗ್ಲಿಷ್ ಶೋಕಿ ಕನ್ನಡಕ್ಕೆ ಬೇಡ, ಪದ ಚೂರುಚೂರಾಗಿ ಕಾಣುತ್ತದೆ. ಓರೆ ಅಕ್ಷರವೂ ಬೇಡ, ಕನ್ನಡದ ಹೆಚ್ಚಿನ ಫಾಂಟುಗಳಲ್ಲಿ ಅದು ಇಲ್ಲದ್ದರಿಂದ ಬ್ರೌಸರ್ ಇದ್ದದ್ದನ್ನೇ ತಳ್ಳಿ ವಾಲಿಸುತ್ತದೆ. ‘ಹೊಳೆನರಸೀಪುರ’ದಂಥ ಉದ್ದ ಹೆಸರು ದೊಡ್ಡ ಶೀರ್ಷಿಕೆಯಲ್ಲಿ ಬಂದರೆ ಫೋನಿನ ಪರದೆ ದಾಟಿ ಹೊರಗೆ ಚಾಚುವುದುಂಟು. ಟೆಂಪ್ಲೇಟ್ ಆರಿಸುವ ಮೊದಲು ಈ ಊರಿನ ಹೆಸರುಗಳನ್ನೇ ಹಾಕಿ ನೋಡುವುದು ಉತ್ತಮ ಪರೀಕ್ಷೆ.

ಶಾಲೆಗಳಿಗೆ ಪ್ರಿಯವಾದ ಪದವೊಂದರಲ್ಲಿ ಇನ್ನೊಂದು ತೊಡಕಿದೆ. ‘ರ‍್ಯಾಂಕ್’ ಎಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಬರೆಯುವುದಕ್ಕೆ ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಬೇಕು. ಇಲ್ಲದಿದ್ದರೆ ಅರ್ಕಾವೊತ್ತಿನ ‘ರ್ಯಾಂಕ್’ ಬರುತ್ತದೆ. ಎರಡೂ ಓದುಗನಿಗೆ ಒಂದೇ, ಗಣಕಕ್ಕೆ ಬೇರೆ ಬೇರೆ. ತಾಣದೊಳಗೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗದಿರಬಹುದು. ಯಾವುದಾದರೂ ಒಂದನ್ನು ಹಿಡಿದು ಎಲ್ಲೆಡೆ ಅದನ್ನೇ ಬಳಸಿದರೆ ಮುಗಿಯಿತು.

ಫಾಂಟ್ ಇಳಿಸುವ ಗೋಜೂ ಈಗ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲಾ ಇದ್ದೇ ಇವೆ, ಆಪಲ್‌ನವರ ಬಳಿ ಅವರದ್ದೇ ಇದೆ. ಇರುವುದನ್ನೇ ಬಳಸು ಎಂದರೆ ಪುಟ ತಕ್ಷಣ ತೆರೆಯುತ್ತದೆ. ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನ ಮೊದಲ ಸಾಲಿನಲ್ಲಿ ಘೋಷಿಸಿದರೆ, ಕಣ್ಣು ಕಾಣದವರ ಪರದೆ ಓದುಗಕ್ಕೆ ಕನ್ನಡದ ಧ್ವನಿಯಲ್ಲಿ ಓದಬೇಕೆಂದು ತಿಳಿಯುತ್ತದೆ. ಒಂದು ಪದ ಟೈಪ್ ಮಾಡುವಷ್ಟು ಹೊತ್ತಿನ ಕೆಲಸ, ಹೆಚ್ಚಿನವರು ಮಾಡುವುದಿಲ್ಲ. ಸರ್ಕಾರಿ ತಾಣಗಳಿಗೆ 2009ರಿಂದಲೇ ಇಂಥ ಮಾರ್ಗಸೂಚಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಬಲವೂ ಇದೆ.

ಯುಟಿಎಫ್–8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಇಂಗ್ಲಿಷಿಗೆ ಒಂದೇ. ಹಾಗೆಂದು ಕನ್ನಡ ಪುಟ ಭಾರವೆಂದು ದೂರುವ ಹಾಗಿಲ್ಲ. ಈ ಇಡೀ ಲೇಖನ ಒಂದು ಸಣ್ಣ ಚಿತ್ರದಷ್ಟೂ ತೂಗುವುದಿಲ್ಲ, ಕುಗ್ಗಿಸಿ ಕಳಿಸಿದರೆ ಇನ್ನೂ ಹಗುರ. ಜಗತ್ತಿನ ಸರಾಸರಿ ಪುಟ 2 ಎಂಬಿ ದಾಟಿದೆ ಎಂದರೆ ಆ ತೂಕ ಅಕ್ಷರದ್ದಲ್ಲ, ಚಿತ್ರ ಮತ್ತು ಸ್ಕ್ರಿಪ್ಟ್‌ಗಳದ್ದು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲದ ಫೋಟೊವನ್ನು ಫೋನಿನಿಂದ ತೆಗೆದು ಹಾಗೇ ಏರಿಸಿದರೆ ಆ ಒಂದೇ ಚಿತ್ರ 4–5 ಎಂಬಿ ಇರಬಹುದು. ಅಗಲ ಕುಗ್ಗಿಸಿ ಉಳಿಸಿದರೆ ಅದರ ಹತ್ತರಲ್ಲೊಂದು ಪಾಲೂ ಬೇಡ. ಬಾಗೂರಿನ ಕಡೆಯ ತೋಟದಲ್ಲಿ ನಿಂತು ಸಿಗ್ನಲ್ ಹುಡುಕುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಕೃತಕ ಬುದ್ಧಿಮತ್ತೆಗೆ ಹೇಳಿದರೆ ನಿಮಿಷದಲ್ಲಿ ಪುಟ ಬರೆದುಕೊಡುತ್ತದೆ. ಚೌಕಟ್ಟಿಗೆ ಅದನ್ನು ಬಳಸಲು ನನ್ನ ತಕರಾರಿಲ್ಲ, ಸ್ಥಿರ ಎಚ್‌ಟಿಎಂಎಲ್ ಬೇಕೆಂದು ಕೇಳಿದರೆ ಸಾಕಷ್ಟು ಶುದ್ಧವಾಗಿಯೇ ಕೊಡುತ್ತದೆ. ಮಾತಿಗೆ ಮಾತ್ರ ಅದನ್ನು ನಂಬಿದರೆ, ನಿಮ್ಮ ಶಾಲೆ ‘ಸಮಗ್ರ ವ್ಯಕ್ತಿತ್ವ ವಿಕಸನಕ್ಕೆ ಬದ್ಧವಾದ ಉತ್ಕೃಷ್ಟತೆಯ ತಾಣ’ ಆಗಿಬಿಡುತ್ತದೆ. ಶುಲ್ಕ ಎಷ್ಟು, ಬಸ್ಸು ಹಿರೀಸಾವೆಗೆ ಹೋಗುತ್ತದೆಯೇ ಎಂದು ಪೋಷಕರು ಮತ್ತೆ ಫೋನ್ ಮಾಡಿಯೇ ಕೇಳಬೇಕು.

ತಾಣವೇ ಬೇಡ ಎನ್ನುವುದೂ ಒಂದು ಪ್ರಾಮಾಣಿಕ ತೀರ್ಮಾನ. ತಾಲ್ಲೂಕಿನೊಳಗೇ ವ್ಯಾಪಾರ ಮಾಡುವ ಹಾರ್ಡ್‌ವೇರ್ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಮತ್ತು ಗೂಗಲ್ ನಕ್ಷೆಯಲ್ಲಿ ಸರಿಯಾದ ಗುರುತು ಸಾಕು. ದೂರದಿಂದ, ಗುರುತಿಲ್ಲದವರು ಬರುವ ಜಾಗಕ್ಕೆ ಪುಟ ಬೇಕು: ಶ್ರವಣಬೆಳಗೊಳದ ವಸತಿಗೃಹ, ಹೊರ ಜಿಲ್ಲೆಗೆ ಸಸಿ ಕಳಿಸುವ ನರ್ಸರಿ, ಹಾಸ್ಟೆಲ್ ಇರುವ ಶಾಲೆ. ಅಂಥ ಪುಟದಲ್ಲಿ ಇರಬೇಕಾದ್ದೂ ಸ್ವಲ್ಪವೇ. ಹೆಸರು, ಎಲ್ಲಿದೆ, ದರ, ಯಾವ ಹೊತ್ತಿಗೆ ತೆರೆದಿರುತ್ತದೆ, ಒತ್ತಿದರೆ ಕರೆ ಹೋಗುವ ನಂಬರ್, ಇತ್ತೀಚಿನ ನಾಲ್ಕು ಫೋಟೊ, ಮತ್ತು ಕೊನೆಯ ಸಲ ತಿದ್ದಿದ ದಿನಾಂಕ. ಆ ದಿನಾಂಕವನ್ನು ಹೆಚ್ಚಿನವರು ಹಾಕಲು ಹೆದರುತ್ತಾರೆ, ಹೆದರಿಕೆಗೆ ಕಾರಣವೂ ಇದೆ.

ಶ್ರವಣಬೆಳಗೊಳದ ವಸತಿಗೃಹದವರಿಗೆ ಲೆಕ್ಕ ಇನ್ನಷ್ಟು ನೇರ. ಅಲ್ಲಿ ಹಿಂದಿನ ಮಹಾಮಸ್ತಕಾಭಿಷೇಕ ನಡೆದದ್ದು 2018ರಲ್ಲಿ, ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಆ ಹೊತ್ತಿಗೆ ಹೊರ ರಾಜ್ಯದವರು ಹುಡುಕುವಾಗ ಸಿಗಬೇಕಾದ ಪುಟವನ್ನು 2029ರಲ್ಲಿ ಗಡಿಬಿಡಿಯಿಂದ ಮಾಡಿಸಿದರೆ ಹುಡುಕಾಟದ ಪಟ್ಟಿಯಲ್ಲಿ ಮೇಲೆ ಬರಲು ಹೊತ್ತು ಸಾಲದು. ಡೊಮೈನ್ ಹೆಸರಿಗೆ ಒಂದೇ ಸಲ ಹತ್ತು ವರ್ಷದವರೆಗೂ ಹಣ ಕಟ್ಟಬಹುದು. ಈಗಲೇ ಅಷ್ಟು ಕಟ್ಟಿ, ಮಾಡಿಕೊಟ್ಟವರ ಹೆಸರಿನಲ್ಲಲ್ಲದೆ ಮಾಲೀಕರ ಹೆಸರಿನಲ್ಲಿ, ಮಾಲೀಕರದೇ ಇಮೇಲ್ ಮತ್ತು ಫೋನ್ ಕೊಟ್ಟು ನೋಂದಾಯಿಸಿ, ನಾಲ್ಕು ಸ್ಥಿರ ಪುಟ ಇಟ್ಟರೆ, ಅಲ್ಲಿಯವರೆಗೆ ತಿದ್ದಬೇಕಾದ್ದು ಕೋಣೆಯ ಬಾಡಿಗೆಯೊಂದೇ.